ಸುಂಕದವರ ಮುಂದೆ ಸುಖದುಃಖ

ಓದುಗರ ಪತ್ರ: ‘ಹನ್ನೆರಡು ಲಕ್ಷ ರೂಪಾಯಿಯ ಪೆಟ್ರೋಲ್ ಕಾರು ಕೊಳ್ಳಲು ಹೊರಟಿದ್ದೇನೆ. ದೆಹಲಿಯಲ್ಲಿರುವ ಮಗ ಇದೇ ಕಾರಿಗೆ ಕಟ್ಟಿದ್ದಕ್ಕಿಂತ ಒಂದು ಲಕ್ಷಕ್ಕೂ ಹೆಚ್ಚು ತೆರಿಗೆಯನ್ನು ನಾನಿಲ್ಲಿ ಕಟ್ಟಬೇಕಂತೆ. ಒಂದೇ ದೇಶ, ಒಂದೇ ಕಾರು, ಇದೆಂಥ ನ್ಯಾಯ? ನನ್ನ ಭಾವಮೈದುನ ಪುದುಚೇರಿಯಲ್ಲಿದ್ದಾನೆ. ಅವನ ವಿಳಾಸದಲ್ಲಿ ನೋಂದಣಿ ಮಾಡಿಸಿದರೆ ತಪ್ಪೇನು?’
— ನಿವೃತ್ತ ಶಿಕ್ಷಕರೊಬ್ಬರು, ಧಾರವಾಡ

ಸಂಪಾದಕರ ಉತ್ತರ: ಮೇಷ್ಟರೇ, ನಿಮ್ಮ ಲೆಕ್ಕ ತಪ್ಪಿಲ್ಲ. ಕರಡು ತಿದ್ದುವ ಕೆಲಸ ಬದಿಗಿಟ್ಟು ನಾನೂ ಕೂಡಿ ಕಳೆದು ನೋಡಿದೆ. ಹತ್ತು ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ದೆಹಲಿಯಲ್ಲಿ ಶೇ 10, ಅಂದರೆ ನಿಮ್ಮ ಮಗ ಕಟ್ಟಿದ್ದು 1.20 ಲಕ್ಷ. ಮಹಾರಾಷ್ಟ್ರದಲ್ಲಿ ಶೇ 12. ತಮಿಳುನಾಡಿನಲ್ಲಿ 2023ರ ನವೆಂಬರಿನ ಏರಿಕೆಯ ನಂತರವೂ ಈ ಬೆಲೆಯ ಕಾರಿಗೆ ಶೇ 15. ನಮ್ಮಲ್ಲಿ ಶೇ 17, ಅದರ ಬೆನ್ನಿಗೆ ಆ ತೆರಿಗೆಯ ಮೇಲೆ ಶೇ 11ರಷ್ಟು ಸೆಸ್. ಒಟ್ಟು 2,26,440 ರೂಪಾಯಿ. ತೆರಿಗೆಗೂ ತೆರಿಗೆ ಕಟ್ಟಿಸಿಕೊಳ್ಳುವ ಈ ಕಲೆಯನ್ನು ಕಂಡುಹಿಡಿದವರು ಯಾರೋ, ಅವರಿಗೆ ಒಂದು ರಾಜ್ಯೋತ್ಸವ ಪ್ರಶಸ್ತಿ ಸಲ್ಲಬೇಕು.

ಇಲ್ಲಿ ಒಂದು ಗೊಂದಲ ಬಿಡಿಸುತ್ತೇನೆ. ‘ನೋಂದಣಿ ಖರ್ಚು’ ಎಂದು ನಾವೆಲ್ಲ ಒಟ್ಟಾಗಿ ಬೈಯುವುದರಲ್ಲಿ ನಿಜವಾದ ನೋಂದಣಿ ಶುಲ್ಕ ಕಾರಿಗೆ ಆರುನೂರು, ಬೈಕಿಗೆ ಮುನ್ನೂರು ರೂಪಾಯಿ. ಅದು ಕೇಂದ್ರದ ನಿಯಮದಂತೆ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೂ ಒಂದೇ. ಉಳಿದದ್ದರಲ್ಲಿ ಬಹುಪಾಲು ರಾಜ್ಯದ ತೆರಿಗೆ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ, 57ನೇ ನಮೂದಿನಲ್ಲಿ, ಆ ಅಧಿಕಾರ ರಾಜ್ಯಗಳಿಗೆ ದಕ್ಕಿದೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ತಮ್ಮ ಇಷ್ಟದಂತೆ ಏರಿಸಿ ಇಳಿಸಲು ಉಳಿದದ್ದು ಪೆಟ್ರೋಲು, ಮದ್ಯ, ಮುದ್ರಾಂಕ, ವಾಹನ, ಹೀಗೆ ಬೆರಳೆಣಿಕೆಯವು. ಖಜಾನೆಯ ಕಷ್ಟ ನನಗೆ ಅರ್ಥವಾಗುತ್ತದೆ. ಅಷ್ಟು ಹೇಳಿದ್ದಾಯಿತು, ಇನ್ನು ನನ್ನ ಹೊಟ್ಟೆಯುರಿಗೆ ಬರುತ್ತೇನೆ.

ನನ್ನ ತಕರಾರು ದರದ ಬಗ್ಗೆ ಅಲ್ಲ, ಕಾರು ಕೊಳ್ಳುವಾಗ ಒಂದೇ ಸಲಕ್ಕೆ ಕಟ್ಟಿಸಿಕೊಳ್ಳುವ ಈ ತೆರಿಗೆಗೆ ಇಟ್ಟ ಒಂದು ಪದದ ಬಗ್ಗೆ: ‘ಜೀವಾವಧಿ ತೆರಿಗೆ’. ಕನ್ನಡದಲ್ಲಿ ‘ಜೀವಾವಧಿ’ ಎಂದೊಡನೆ ಕಿವಿಗೆ ಬೀಳುವ ಮುಂದಿನ ಮಾತು ‘ಶಿಕ್ಷೆ’. ಹೆಸರಿಟ್ಟವರು ಸುಳ್ಳು ಹೇಳಿಲ್ಲವೆನ್ನಿ. ಆದರೆ ಯಾರ ಜೀವ? ಕಾರಿನದಂತೂ ಅಲ್ಲ. ನಿಪ್ಪಾಣಿ ದಾಟಿದರೆ, ಅತ್ತಿಬೆಲೆ ದಾಟಿದರೆ ಆ ಜೀವ ಹಾರಿಹೋಗುತ್ತದೆ. ಮೋಟಾರು ವಾಹನ ಕಾಯ್ದೆಯ 46ನೇ ಕಲಮು, ಒಂದು ಕಡೆ ಮಾಡಿಸಿದ ನೋಂದಣಿ ಭಾರತದಾದ್ಯಂತ ಸಲ್ಲುತ್ತದೆ ಎನ್ನುತ್ತದೆ. ಮರುಪುಟದಲ್ಲೇ 47ನೆಯದು, ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿದರೆ ಹೊಸ ಸಂಖ್ಯೆ ಪಡೆಯಬೇಕು ಎನ್ನುತ್ತದೆ. ನಮ್ಮ ಸರ್ಕಾರಕ್ಕೆ ಆ ಹನ್ನೆರಡು ತಿಂಗಳೂ ಉದ್ದವೆನಿಸಿ, 2014ರಲ್ಲಿ ಮೂವತ್ತೇ ದಿನಕ್ಕೆ ತೆರಿಗೆ ಕೇಳುವ ತಿದ್ದುಪಡಿ ತಂದಿತ್ತು. 2016ರಲ್ಲಿ ಹೈಕೋರ್ಟು ಅದನ್ನು ಹೊಡೆದುಹಾಕಿತು.

ಮೈಮೇಲೆ ಬಂದ ಕಥೆ ಹೇಳದೆ ಇರಲಾರೆ. ಬಹಳ ಹಿಂದೆ ನೆರೆರಾಜ್ಯದ ಒಂದು ಊರಿನಿಂದ ಸಣ್ಣ ಕಾರೊಂದನ್ನು ಓಡಿಸಿಕೊಂಡು ಬೆಂಗಳೂರಿಗೆ ಮರಳಿದೆ. ಹೊರಡುವ ಮುಂಚೆ ಆಕ್ಷೇಪಣೆಯಿಲ್ಲವೆಂಬ ಪತ್ರ ಬೇಕಿತ್ತು, ಅದಕ್ಕೆ ಕಾರಿನ ಚೌಕಟ್ಟಿನಲ್ಲಿ ಕೊರೆದ ಚಾಸಿ ಸಂಖ್ಯೆಯ ಪೆನ್ಸಿಲ್ ಅಚ್ಚು ಬೇಕಿತ್ತು. ಕಚೇರಿಯ ಹೊರಗೆ ಮರದಡಿ ಕೂತಿದ್ದ ಹುಡುಗ ಬಾನೆಟ್ ಎತ್ತಿ, ಜಿಡ್ಡನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ತೆಳುಹಾಳೆ ಇಟ್ಟು ಪೆನ್ಸಿಲ್ಲನ್ನು ಅಡ್ಡಡ್ಡ ಉಜ್ಜಿದ. ಚಿಕ್ಕಂದಿನಲ್ಲಿ ನಾಲ್ಕಾಣೆಯ ಮೇಲೆ ಹಾಳೆ ಇಟ್ಟು ನಾವು ಸಿಂಹ ಮೂಡಿಸುತ್ತಿದ್ದೆವಲ್ಲ, ಅದೇ ಆಟ. ಹದಿನೇಳು ಅಕ್ಷರ, ಅಂಕಿ ಮೂಡಿದವು. ನಡುವಿನ ಒಂದು 8 ಮಾತ್ರ 3ರಂತೆ ಕಂಡಿತು. ಗುಮಾಸ್ತರು ಅದೊಂದನ್ನೇ ಹಿಡಿದರು. ಮತ್ತೆ ಮರದಡಿ, ಮತ್ತೆ ಸೀಮೆಎಣ್ಣೆ. ಮೂರನೆಯ ಹಾಳೆಗೆ ಅವರು ಒಲಿದರು.

ಬೆಂಗಳೂರಿಗೆ ಬಂದು ಕಾರಿನ ವಯಸ್ಸಿಗೆ ತಕ್ಕಂತೆ ಇಳಿಸಿದ ದರದಲ್ಲಿ ಇನ್ನೊಂದು ‘ಜೀವಾವಧಿ’ ಕಟ್ಟಿದೆ. ನೆರೆರಾಜ್ಯದಲ್ಲಿ ಬಳಸದೆ ಉಳಿದ ವರ್ಷಗಳ ತೆರಿಗೆಯನ್ನು ವಾಪಸು ಕೊಡುವ ನಿಯಮವಿದೆ. ಹೊಸ ಆರ್‌ಸಿಯ ನಕಲು ಹಿಡಿದು ಹೋದೆ. ಮೊದಲ ಸಲ ಸಾಹೇಬರು ರಜೆಯಲ್ಲಿದ್ದರು, ಎರಡನೆಯ ಸಲ ಕಡತವೇ ರಜೆಯಲ್ಲಿತ್ತು. ಮೂರನೆಯ ಸಲ ಹೋಗುವ ಖರ್ಚು ಬರಬೇಕಾದ ಹಣದ ಅರ್ಧದಷ್ಟಾಗುತ್ತದೆಂದು ನನ್ನ ಹೆಂಡತಿ ಲೆಕ್ಕ ಹಾಕಿ ಕೈಗಿತ್ತಳು. ಅಲ್ಲಿಗೆ ಬಿಟ್ಟೆ.

ಇದಕ್ಕೆ ಮದ್ದೆಂದು 2021ರ ಸೆಪ್ಟೆಂಬರಿನಲ್ಲಿ ಭಾರತ್ ಸರಣಿ, ಅಂದರೆ ಬಿಎಚ್ ಸಂಖ್ಯೆ ಬಂತು. ಎರಡೆರಡು ವರ್ಷದ ತೆರಿಗೆ ಕಟ್ಟುತ್ತ ಯಾವ ರಾಜ್ಯಕ್ಕಾದರೂ ಹೋಗಬಹುದು. ಒಳ್ಳೆಯದೇ. ಆದರೆ ಯಾರಿಗೆ? ಸರ್ಕಾರಿ ನೌಕರರಿಗೆ, ಸೈನಿಕರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರಿಗೆ. ಕರ್ನಾಟಕವಂತೂ ಆ ಖಾಸಗಿಯವರಿಗೂ ಕೊಡಲು ಹಿಂದೇಟು ಹಾಕಿ ಕೋರ್ಟಿನಲ್ಲಿ ಮುಖಭಂಗ ಅನುಭವಿಸಿತು. ಊರೂರು ಅಲೆದು ಅಂಗಡಿ ಹಾಕುವವನು, ಹೆಂಡತಿಗೆ ವರ್ಗವಾಯಿತೆಂದು ಗಂಟುಮೂಟೆ ಕಟ್ಟಿದ ಲೇಖಕ, ಮಗನ ಮನೆ ಸೇರುವ ನಿವೃತ್ತ ಮೇಷ್ಟ್ರು, ಇವರು ಯಾವ ಸರಣಿಗೂ ಸೇರಿದವರಲ್ಲ.

ಈಗ ನಿಮ್ಮ ಭಾವಮೈದುನನ ವಿಷಯ. ಮೇಷ್ಟರಾಗಿ ಈ ಪ್ರಶ್ನೆ ಕೇಳಬಹುದೇ? ವಾಹನ ಸಾಮಾನ್ಯವಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿ ನೋಂದಾಯಿಸಿ ಎಂದು ಕಾನೂನು ಹೇಳುತ್ತದೆ. ನಿಮ್ಮ ಕಾರು ನಿಲ್ಲುವುದು ಧಾರವಾಡದ ನಿಮ್ಮ ಅಂಗಳದಲ್ಲಿ, ಕಡಲ ದಂಡೆಯಲ್ಲಲ್ಲ. 2017ರಲ್ಲಿ ಕೇರಳದ ಸಿನಿಮಾ ತಾರೆಯರು ಪುದುಚೇರಿಯ ವಿಳಾಸ ಕೊಟ್ಟು ದುಬಾರಿ ಕಾರು ನೋಂದಾಯಿಸಿದ್ದು ಮೊಕದ್ದಮೆಯವರೆಗೆ ಹೋಯಿತು. 2025ರ ಜುಲೈನಲ್ಲಿ ಬೆಂಗಳೂರಿನಲ್ಲೇ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದನ್ನು ಹಿಡಿದು 1.41 ಕೋಟಿ ರೂಪಾಯಿ ಕಟ್ಟಿಸಿಕೊಂಡರು. ಆ ಸುದ್ದಿ ಓದಿ ನಾನು ಚಪ್ಪಾಳೆ ತಟ್ಟಿದವನು. ಹಾಗಾಗಿ ನಿಮಗೆ ಬೇರೆ ನ್ಯಾಯ ಹೇಳಲಾರೆ.

ಆದರೂ ನೋಡಿ, ಫೆರಾರಿಯವನಿಗೆ ಸಲಹೆಗಾರರಿರುತ್ತಾರೆ, ನನ್ನಂಥವನಿಗೆ ಮರದಡಿಯ ಹುಡುಗ. ದೇಶದ ವಾಹನಗಳ ವಿವರವೆಲ್ಲ ‘ವಾಹನ್’ ತಂತ್ರಾಂಶದಲ್ಲಿ ಕೂತಿದೆ. ನನ್ನ ಕಾರಿನ ದಂಡದ ಬಾಕಿ ಕ್ಷಣದಲ್ಲಿ ಮೊಬೈಲಿಗೆ ಬರುತ್ತದೆ. ನನಗೆ ಬರಬೇಕಾದ ಬಾಕಿಗೆ ಮಾತ್ರ ಮೂರು ಪ್ರತಿ ಅರ್ಜಿ, ಖುದ್ದು ಹಾಜರಿ. ಕೊಡುವಾಗ ಗಣಕಯಂತ್ರ, ಕೇಳುವಾಗ ಕಾಗದ. ಬರೀ ಸಾರಿಗೆ ಕಚೇರಿಯ ಮಾತಲ್ಲ ಇದು. ಪಿಂಚಣಿಯವರು ಪ್ರತಿವರ್ಷ ತಾವು ಬದುಕಿದ್ದೇವೆಂದು ರುಜುವಾತು ಒದಗಿಸುವುದನ್ನು ನಿಮಗೆ ನಾನು ವಿವರಿಸಬೇಕಿಲ್ಲ.

ಹಳೆಯ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರು ಬರುತ್ತವೆ. ಇಂತಿಂಥ ಸುಂಕದ ಹುಟ್ಟುವಳಿ ಇಂಥ ದೇಗುಲಕ್ಕೆ ಎಂದು ಕಲ್ಲಿನಲ್ಲೇ ಕೊರೆಸಿದ ಉದಾಹರಣೆಗಳು ಹೇರಳವಾಗಿವೆ. ನಿಮ್ಮ 2.26 ಲಕ್ಷ ಯಾವ ರಸ್ತೆಯ ಯಾವ ಗುಂಡಿಗೆ ಬಿತ್ತು ಎಂದು ಕಲ್ಲು ಬೇಡ, ರಸೀದಿಯ ಹಿಂಬದಿಯಲ್ಲಾದರೂ ಅಚ್ಚು ಹಾಕಿಸಬಹುದಿತ್ತು. ‘ಸುಂಕದವರ ಮುಂದೆ ಸುಖದುಃಖ’ ಎಂಬ ಗಾದೆ ಗೊತ್ತಿದ್ದೂ ಇಷ್ಟುದ್ದ ಹೇಳಿಕೊಂಡೆ.

ಕಾರನ್ನು ಧಾರವಾಡದಲ್ಲೇ ನೋಂದಾಯಿಸಿ, ಕೆಎ 25 ಎಂದೇ ಬರೆಸಿ. ತೆರಿಗೆ ರಸೀದಿಯ ಎರಡು ನಕಲು ತೆಗೆದು ಒಂದನ್ನು ಮನೆಯ ಬೀರುವಿನಲ್ಲಿಡಿ. ಚಾಸಿ ಸಂಖ್ಯೆಯ ಅಚ್ಚನ್ನು ಕಾರು ಹೊಸದಿರುವಾಗಲೇ, ತುಕ್ಕು ಜಿಡ್ಡು ಕೂರುವ ಮುಂಚೆ, ನಾಲ್ಕೈದು ಹಾಳೆ ತೆಗೆಸಿಡಿ. 8ನ್ನು ಎರಡು ಸಲ ನೋಡಿ.