ಟಿವಿ ರೇಟು ಒಂದು, ನಮ್ಮ ಬಂಕಿನ ರೇಟು ಇನ್ನೊಂದು

ಪ್ರಶ್ನೆ: ಟಿವಿಯೊಳಗ ಪೆಟ್ರೋಲ್ ರೇಟು ಅಂತ ಬರೇ ಬೆಂಗಳೂರಿಂದು ತೋರಸ್ತಾರ, ನಮ್ಮ ಬಂಕಿನ್ಯಾಗ ಬ್ಯಾರೇನ ಇರ್ತೈತಿ. ಕ್ರೂಡ್ (ಕಚ್ಚಾ ಎಣ್ಣಿ) ರೇಟು ಇಳೀತು ಅಂದ್ರೂ ಇಲ್ಲೆ ಇಳಿಯಂಗಿಲ್ಲ. ಬಂಕಿನವ್ರ ಮೋಸ ಏನ್ರಿ ಇದು?
– ಓದುಗರು, ಬೆಟಗೇರಿ, ಗದಗ

ಉತ್ತರ: ಅಲ್ರೀ, ರೇಟು ಬಂಕಿನವ್ರ ಕೈಯಾಗ ಇಲ್ಲ. 2017ರ ಜೂನ್‌ನಿಂದ ಎಣ್ಣಿ ಕಂಪನಿಯವ್ರು ದಿನಾ ಮುಂಜಾನೆ 6ಕ್ಕ ರೇಟು ಕಳಸ್ತಾರ, ಅದನ್ನ ಇವ್ರು ಹಾಕ್ತಾರ. ಡಿಪೋದಿಂದ ಟ್ಯಾಂಕರ್ ಎಷ್ಟು ದೂರ ಬರಬೇಕು ಅನ್ನೋದ್ರ ಮ್ಯಾಲೆ ಹುಬ್ಬಳ್ಳಿ, ಗದಗ, ಹಾವೇರಿಗೆ ಫರಕ ಬೀಳ್ತೈತಿ.

ಕ್ರೂಡ್ ಮಾತು ಬ್ಯಾರೆ. ನಾವು ಕೊಡೋ ರೊಕ್ಕದಾಗ ಕೇಂದ್ರದ ಸುಂಕ, ರಾಜ್ಯದ ಮಾರಾಟ ತೆರಿಗೆ, ಡೀಲರ್ ಕಮಿಷನ್ ಎಲ್ಲಾ ಕೂಡಿರ್ತಾವ. 2024ರ ಜೂನ್‌ನ್ಯಾಗ ರಾಜ್ಯ ಸರ್ಕಾರ ಪೆಟ್ರೋಲ್ ತೆರಿಗೆ 25.92ರಿಂದ 29.84 ಪರ್ಸೆಂಟಿಗೆ ಏರಿಸ್ತು, ಲೀಟರಿಗೆ 3 ರೂಪಾಯಿ ಜಾಸ್ತಿ ಆತು, ಮುಂದ 2025ರ ಏಪ್ರಿಲ್‌ನ್ಯಾಗ ಕ್ರೂಡ್ ಇಳಿದಾಗ ಕೇಂದ್ರ ಸುಂಕಾನ 2 ರೂಪಾಯಿ ಏರಿಸ್ತು, ಬಂಕಿನ ರೇಟು ಏರಲಿಲ್ಲ ಖರೆ, ಆದ್ರ ಇಳಿದಿದ್ದು ನಮ್ಮ ಕಿಸೆಗೂ ಬರ್ಲಿಲ್ಲ.

ನನಗ ಸಿಟ್ಟು ಬರೋದು ಚಾನೆಲ್‌ನವ್ರ ಮ್ಯಾಲೆ. ರೇಟು ಏರಿದ ದಿನ ಬಂಕಿನ ಮುಂದ ಮೈಕ್ ಹಿಡಿದು ಬೈಕಿನವ್ರನ್ನ ಹೆಂಗನಸ್ತೈತಿ ಅಂತ ಕೇಳ್ತಾರ, ಒಂದ್ ಲೀಟರಿನ್ಯಾಗ ಯಾರಿಗೆ ಎಷ್ಟು ಹೋಗ್ತೈತಿ ಅಂತ ಬಿಡಿಸಿ ತೋರಸಂಗಿಲ್ಲ. ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಹೇರಿಕೊಂಡು ಬರೋ ಗಾಡಿಯವ್ರ ಬಾಡಿಗಿ ಡೀಸೆಲ್ ಮ್ಯಾಲೆ ನಿಂತೈತಿ, ಅವ್ರ ಸುದ್ದಿ ಯಾರೂ ಮಾಡಂಗಿಲ್ಲ.

ಅಳತಿ ಮ್ಯಾಲೆ ಸಂಶೆ ಇದ್ರ ಮಾತ್ರ ಬಂಕಿನವ್ರನ್ನ ಕೇಳ್ರಿ, 5 ಲೀಟರ್ ಅಳತಿ ಕ್ಯಾನ್ ಇರ್ತೈತಿ, ನಿಮ್ಮ ಮುಂದ ಅಳದು ತೋರಸಬೇಕು.