ಎಣಿಕಿ ತಪ್ಪಬಾರದು, ಅಷ್ಟ

"ಕಣ್ಣು ಮಂಜಾಗಿದೆ, ಇನ್ನಾದರೂ ಸೂಜಿ-ದಾರದ ಕೆಲಸ ಬಿಡೋಕೆ ಹೇಳಿ ಮೇಡಂ" ಅಂತ ತಾಯಂದಿರನ್ನು ಕರೆತರುವ ಮಕ್ಕಳು ಈಗ ಜಾಸ್ತಿ. ಇರುವ ದೃಷ್ಟಿಯಲ್ಲೇ ಕೆಲಸ ಮಾಡುವ ದಾರಿ ಹೇಳಿಕೊಡುವವಳು ನಾನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಧಾರವಾಡದ ಕಡೆಯ ಅಜ್ಜಿ, ಎಪ್ಪತ್ತು ದಾಟಿದೆ. ವಯಸ್ಸಿನಿಂದ ಕಣ್ಣೊಳಗಿನ ಪರದೆಯ (ಅಕ್ಷಿಪಟಲ) ನಡುಭಾಗ ಕೆಟ್ಟಿದೆ. ಬಾಗಿಲಲ್ಲಿ ಯಾರೋ ನಿಂತದ್ದು ತಿಳಿಯುತ್ತದೆ, ಮುಖ ಕಾಣುವುದಿಲ್ಲ. ಮೊಮ್ಮಗಳ ಮದುವೆಗೆಂದು ಕಪ್ಪು ಚಂದ್ರಕಾಳಿ ಸೀರೆಗೆ ಕಸೂತಿ ಹಿಡಿದಿದ್ದರು, ಬಟ್ಟೆಯ ಎಳೆ ಎಣಿಸಿ ಗೋಪುರ, ತೇರು ಮೂಡಿಸುವ ಹೊಲಿಗೆ. ಅದು ಅರ್ಧಕ್ಕೇ ನಿಂತಿತು. ಆಮೇಲೆ ಊಟವೂ ಕಮ್ಮಿ, ಮಾತೂ ಕಮ್ಮಿ.

ಮೊದಲ ಸಲ ನಾನೇ ಎಡವಿದೆ. "ಉಲ್ಲನ್ ಹೆಣೆಯಿರಿ, ದಾರ ದಪ್ಪ ಇರುತ್ತೆ" ಎಂದೆ. ಅಜ್ಜಿ ಉತ್ತರ ಕೊಡದೆ ಎದ್ದು ಹೋದರು.

ಎರಡನೇ ಸಲ ಬಿಳಿ ಮ್ಯಾಟಿ ಬಟ್ಟೆಯ ತುಂಡು ತರಿಸಿಟ್ಟಿದ್ದೆ. ದಪ್ಪ ನೇಯ್ಗೆಯ, ಚೌಕ ಚೌಕ ಮನೆಗಳಿರುವ ಬಟ್ಟೆ, ಇಂಚಿಗೆ 8 ಮನೆಯದು. ಬೆರಳಿಂದ ಸವರಿ, "ಇದು ಹುಡುಗೂರು ಕಲಿಯೋ ಬಟ್ಟಿ ಅಲ್ಲೇನ್ರಿ?" ಅಂತ ತಳ್ಳಿದರು. ನಾನು ಸುಮ್ನೆ ಕೂತೆ. (ನನಗದು ಸುಲಭವಲ್ಲ.) ಸ್ವಲ್ಪ ಹೊತ್ತಿಗೆ ತಾವೇ ಎಳೆದುಕೊಂಡು ಗಾವಂತಿ ಎಂಬ ಕಸೂತಿ ಹೊಲಿಗೆ ಹಾಕತೊಡಗಿದರು. ಗಾವಂತಿಯಲ್ಲಿ ದಾರ ನಡುನಡುವೆ ಜಾಗ ಬಿಡುತ್ತಾ ಹೋಗಿ, ಬಿಟ್ಟದ್ದನ್ನು ತುಂಬುತ್ತಾ ವಾಪಸ್ ಬರುತ್ತದೆ. ಗಂಟು ಹಾಕುವಂತಿಲ್ಲ. ಎರಡೂ ಮಗ್ಗುಲು ಒಂದೇ ತರ ಕಾಣಬೇಕು. ವಾಪಸ್ ಬರುವಾಗ ಒಂದು ಕಡೆ ಕೈ ನಿಂತಿತು. ಬಟ್ಟೆ ಮಗುಚಿ, ಹೆಬ್ಬೆರಳ ಉಗುರಿಂದ ಹಿಂಬದಿ ಮೆಲ್ಲಗೆ ಗೀರಿದರು. "ಇಲ್ಲೊಂದು ಮನಿ ಹಾರೀನಿ ನೋಡ್ರಿ." ಕನ್ನಡಕ ಏರಿಸಿ ನೋಡಿದೆ. ಹಾರಿತ್ತು!

ಬಿಚ್ಚುತ್ತಾ ಹೇಳಿದರು: "ಗೋಪುರ ಕಾಣಬೇಕಂತೇನಿಲ್ರಿ ನನಗ. ಎಣಿಕಿ ತಪ್ಪಬಾರದು, ಅಷ್ಟ."

ಉಲ್ಲನ್ ಅಂದಾಗ ನಾನು ಕಸಿದದ್ದು ಈ ಎಣಿಕೆಯನ್ನೇ. ಅದನ್ನು ಉಳಿಸಿ ಉಳಿದದ್ದನ್ನೆಲ್ಲ ದೊಡ್ಡದು ಮಾಡಿ ಎಂದೆ. ಮೊಂಡು ತುದಿಯ, ದೊಡ್ಡ ಕಣ್ಣಿನ ಸೂಜಿ. ಅದು ಬಟ್ಟೆಯ ತೂತನ್ನು ತಾನೇ ಹುಡುಕುತ್ತದೆ. ಬಿಳಿ ಬಟ್ಟೆಗೆ ಕಡುಕೆಂಪು ದಾರ. ತೊಡೆ ಮೇಲೆ ಕಪ್ಪು ಶಾಲು, ಆಗ ತೂತುಗಳು ಎದ್ದು ಕಾಣುತ್ತವೆ. ದೀಪ ಪಕ್ಕದಿಂದ ಬರಲಿ, ಕಣ್ಣಿಗೆ ಹೊಡೆಯಬಾರದು. ಸ್ಟ್ಯಾಂಡ್ ಇರುವ ಭೂತಗನ್ನಡಿ ಆದರೆ ಎರಡೂ ಕೈ ಖಾಲಿ. ಬೆಳಿಗ್ಗೆ ಹತ್ತು ಸೂಜಿಗೆ ದಾರ ಪೋಣಿಸಿಡುವುದು ಮಗಳ ಕೆಲಸ.

ಮಗಳಿಗೆ ಸಿಟ್ಟು ಬಂತು. "ಇದ್ದ ಕಣ್ಣೂ ಹೋದ್ರ?" ನೋಡಿ, ಹೊಲಿದರೆ ಈ ಕಾಯಿಲೆ ಜಾಸ್ತಿ ಆಗುವುದಿಲ್ಲ. ಕಣ್ಣು ದಣಿಯುತ್ತದೆ, ಆಗ ನಿಲ್ಲಿಸಿದರಾಯ್ತು. ನೇರ ಗೆರೆ ಇದ್ದಕ್ಕಿದ್ದಂತೆ ಡೊಂಕಾಗಿ ಕಂಡರೆ ಮಾತ್ರ ತಡಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಓಡಬೇಕು. ದೃಷ್ಟಿ ಮರಳುತ್ತದೆ ಅಂತ ನಾನು ಯಾರಿಗೂ ಹೇಳಿಲ್ಲ.

ಕಳೆದ ವಾರ ಮ್ಯಾಟಿ ಮೇಲೆ ಹಾಕಿದ ಒಂದು ತೇರು ತಂದು ತೋರಿಸಿದರು, ಹಿಂಬದಿ ಮೇಲೆ ಮಾಡಿ. ಸೀರೆ ಇನ್ನೂ ಅರ್ಧದಲ್ಲೇ ಇದೆ. ಅವರೂ ಆ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ.