ರೋಟರಿ ಎಂಜಿನ್: ಪೆಟ್ರೋಲ್ ಜಾಸ್ತಿ ಮಾಡುವ ಮೊದಲು ಡಿಗ್ರಿ ನೋಡಿ

ಪ್ರಶ್ನೆ: ಮೆಲ್ಬರ್ನ್‌ನಲ್ಲಿದ್ದೇನೆ. ನನ್ನದು 1993ರ ಮಾಜ್ದಾ ಆರ್‌ಎಕ್ಸ್-7 ಕಾರು, ರೋಟರಿ ಎಂಜಿನ್‌ನದು (ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುತ್ತದೆ). ಪೋರ್ಟ್ (ಗಾಳಿ, ಹೊಗೆ ಓಡಾಡುವ ಕಿಂಡಿ) ದೊಡ್ಡದು ಮಾಡಿಸಿ ಹೊಸ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹಾಕಿಸಿದ ಮೇಲೆ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇರುವಾಗ, ಎಂಜಿನ್ ಕುಂಟುತ್ತಿದೆ. ಹೊಗೆ ಅಳೆಯುವ ಮೀಟರ್ ಲೀನ್ (ಪೆಟ್ರೋಲ್ ಕಡಿಮೆ) ತೋರಿಸುತ್ತದೆ, ಹೊಗೆ ಮಾತ್ರ ಹಸಿ ಪೆಟ್ರೋಲ್ ವಾಸನೆ. ಪೆಟ್ರೋಲ್ ಜಾಸ್ತಿ ಮಾಡಿದಷ್ಟೂ ಕೆಡುತ್ತಿದೆ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ನ ಟೈಮಿಂಗ್ (ಶಾಫ್ಟ್ ಎಲ್ಲಿಗೆ ತಿರುಗಿದಾಗ ಸಿಂಪಡಿಸಬೇಕು ಅನ್ನುವುದು) ಎಷ್ಟು ಡಿಗ್ರಿ ಇಡಲಿ ಸಾರ್?

ಉತ್ತರ: ಮೊದಲು ಪೆಟ್ರೋಲ್ ಸೇರಿಸುವುದನ್ನು ನಿಲ್ಲಿಸಿ. ಆ ಮೀಟರ್‌ನ ವೈಡ್‌ಬ್ಯಾಂಡ್ ಸೆನ್ಸರ್ ಲೆಕ್ಕ ಹಾಕುವುದು ಹೊಗೆಯಲ್ಲಿ ಉಳಿದ ಆಮ್ಲಜನಕದಿಂದ. ಮಿಸ್‌ಫೈರ್ ಆದರೆ, ಅಂದರೆ ಒಳಗೆ ಬೆಂಕಿ ಹತ್ತದಿದ್ದರೆ, ಪೆಟ್ರೋಲೂ ಗಾಳಿಯೂ ಸುಡದೆ ಹಾಗೇ ಹೊರಬರುತ್ತವೆ. ಆ ಆಮ್ಲಜನಕ ಕಂಡು ಮೀಟರ್ ಲೀನ್ ಅನ್ನುತ್ತದೆ. ಹಸಿ ವಾಸನೆ ಬರುತ್ತಿದೆ ಅಂದರೆ ನಿಮ್ಮಲ್ಲೂ ಬಹುಶಃ ಇದೇ ಆಗುತ್ತಿದೆ. ಪೆಟ್ರೋಲಿನಲ್ಲಿ ನೆಂದ ಸ್ಪಾರ್ಕ್ ಪ್ಲಗ್‌ಗಳನ್ನು ಬದಲಾಯಿಸಿಯೇ ಮುಂದಿನ ಕೆಲಸಕ್ಕೆ ಕೈ ಹಾಕಿ.

ಆಮೇಲೆ ಇಸಿಯು ಸೆಟ್ಟಿಂಗ್. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗುತ್ತದೆ. ಹಾಗಾಗಿ ಶಾಫ್ಟಿನ ಪ್ರತಿ ಸುತ್ತಿಗೂ ಪ್ರತಿ ರೋಟರ್ ಒಮ್ಮೆ ಗಾಳಿ ಎಳೆಯುತ್ತದೆ. ಇಲ್ಲಿ ಲೆಕ್ಕ 360 ಡಿಗ್ರಿಯದು, ನಾಲ್ಕು ಸ್ಟ್ರೋಕ್ ಪಿಸ್ಟನ್ ಎಂಜಿನ್‌ನ 720 ಅಲ್ಲ. ಎರಡು ರೋಟರ್‌ಗಳ ನಡುವೆ 180 ಡಿಗ್ರಿ ಅಂತರ. ಮುಂದಿನ, ಹಿಂದಿನ ಇಂಜೆಕ್ಟರ್‌ಗಳ ವೈರ್ ಅದಲುಬದಲಾಗಿದ್ದರೆ ಏನು ತಿದ್ದಿದರೂ ವ್ಯರ್ಥ. ಇಸಿಯು ತೋರಿಸುವ ಡಿಗ್ರಿ ನಿಜವೇ ಅಂತ ಟೈಮಿಂಗ್ ಲೈಟ್ (ಶಾಫ್ಟಿನ ಗುರುತಿನ ಮೇಲೆ ಮಿಂಚುವ ದೀಪ) ಹಿಡಿದು ನೋಡಿ.

ಈಗ ನಿಮ್ಮ ಪ್ರಶ್ನೆ. ಒಂದು ಸಂಖ್ಯೆ ಹೇಳಿಬಿಡಬಹುದು, ಆದರೆ ಅದರಿಂದ ನಿಮಗೆ ಉಪಯೋಗವಿಲ್ಲ. ಕೆಲವು ಇಸಿಯು ಸಿಂಪಡಣೆ ಶುರುವಾಗುವ ಡಿಗ್ರಿ ಕೇಳುತ್ತವೆ, ಕೆಲವು ಮುಗಿಯುವ ಡಿಗ್ರಿ. ನಿಮ್ಮ ಪೋರ್ಟ್ ಬೇರೆ ಬದಲಾಗಿದೆ. ಎಕ್ಸಾಸ್ಟ್ ಇನ್ನೂ ತೆರೆದಿರುವಾಗಲೇ ಪೆಟ್ರೋಲ್ ಒಳಬಂದರೆ ಒಂದಷ್ಟು ಹೊಗೆಯ ಜೊತೆ ಹೊರಟುಹೋಗುತ್ತದೆ. ಆದ್ದರಿಂದ ನಿಮ್ಮ ಎಂಜಿನ್‌ನಲ್ಲೇ ಹುಡುಕಬೇಕು.

ಎಂಜಿನ್ ಬಿಸಿಯಾದ ಮೇಲೆ ಲ್ಯಾಂಬ್ಡಾ ಕರೆಕ್ಷನ್ (ಸೆನ್ಸರ್ ನೋಡಿ ಪೆಟ್ರೋಲ್ ತಾನೇ ತಿದ್ದುವುದು), ಐಡಲ್ ಕಂಟ್ರೋಲ್ (ಐಡಲ್ ವೇಗ ತಾನೇ ತಿದ್ದುವುದು) ಎರಡನ್ನೂ ಆಫ್ ಮಾಡಿ. ಇಲ್ಲದಿದ್ದರೆ ನೀವು ಮಾಡಿದ್ದನ್ನು ಇಸಿಯು ಅಳಿಸುತ್ತಾ ಹೋಗುತ್ತದೆ. ಪ್ರೈಮರಿ ಇಂಜೆಕ್ಟರ್‌ನ (ಐಡಲ್‌ನಲ್ಲಿ ಕೆಲಸ ಮಾಡುವಂಥದ್ದು) ಡಿಗ್ರಿಯನ್ನು 20ರಂತೆ ಸರಿಸಿ, ಪ್ರತಿ ಸಲ ಅರ್ಧ ನಿಮಿಷ ಕಾಯಿರಿ. ವ್ಯಾಕ್ಯೂಮ್ (ಗಾಳಿ ಎಳೆಯುವ ಕೊಳವೆಯ ನಿರ್ವಾತ) ಜಾಸ್ತಿಯಾಗಿ, ಆರ್‌ಪಿಎಂ (ನಿಮಿಷಕ್ಕೆ ಶಾಫ್ಟಿನ ಸುತ್ತು) ಏರಿ, ಮೀಟರ್ ರಿಚ್ (ಪೆಟ್ರೋಲ್ ಹೆಚ್ಚು) ಕಡೆ ತಿರುಗಿದರೆ ಸರಿಯಾದ ಜಾಗದ ಹತ್ತಿರ ಬಂದಿದ್ದೀರಿ. ಅಲ್ಲಿಂದ ಪೆಟ್ರೋಲ್ ಕಡಿಮೆ ಮಾಡುತ್ತಾ ಬನ್ನಿ. 2500 ಆರ್‌ಪಿಎಂನಲ್ಲೂ ಇದನ್ನೇ ಮಾಡಿ. ಅಲ್ಲಿ ಸಿಂಪಡಣೆ ಇನ್ನೂ ಮುಂಚೆ ಶುರುವಾಗಬೇಕಾಗಬಹುದು. ಪೆಟ್ರೋಲ್ ಪೋರ್ಟ್ ತಲುಪುವಷ್ಟರಲ್ಲಿ ಶಾಫ್ಟ್ ಹೆಚ್ಚು ಡಿಗ್ರಿ ತಿರುಗಿರುತ್ತದೆ, ಅಲ್ವಾ?

ಇದೆಲ್ಲ ಐಡಲ್‌ಗೆ, ನಿಧಾನದ ಓಟಕ್ಕೆ ಮಾತ್ರ. 900 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ ಸುಮಾರು 67 ಮಿಲಿಸೆಕೆಂಡ್. ಅದರಲ್ಲಿ ಇಂಜೆಕ್ಟರ್ ತೆರೆದಿರುವುದು ಕೆಲವೇ ಮಿಲಿಸೆಕೆಂಡ್. 7500ರಲ್ಲಿ ಇಡೀ ಸುತ್ತೇ 8 ಮಿಲಿಸೆಕೆಂಡ್. ಪೂರ್ತಿ ಲೋಡ್‌ನಲ್ಲಿ ಇಂಜೆಕ್ಟರ್ ಹೆಚ್ಚುಕಮ್ಮಿ ತೆರೆದೇ ಇರುತ್ತದೆ, ಡಿಗ್ರಿ ಸರಿಸಿ ದೊಡ್ಡ ಲಾಭವಿಲ್ಲ. ಟರ್ಬೊ ಬೂಸ್ಟ್‌ನಲ್ಲಿ, ಅಂದರೆ ಟರ್ಬೊ ಗಾಳಿಯನ್ನು ಒತ್ತಿ ತುಂಬುವಾಗ, ಈ ಪ್ರಯೋಗ ದಯವಿಟ್ಟು ಬೇಡ. ಅಲ್ಲಿ ಲೀನ್ ಆಗಿ ನಾಕ್ (ಒಳಗೆ ಪೆಟ್ರೋಲ್ ತಾನಾಗಿ ಸಿಡಿಯುವುದು) ಬಂದರೆ ಕ್ಷಣದಲ್ಲಿ ರೋಟರ್ ಮೂಲೆಯ ಏಪೆಕ್ಸ್ ಸೀಲ್ ಮುರಿಯಬಹುದು.

ಡಿಗ್ರಿ ಸರಿಸುವ ಮೊದಲಿನ ವ್ಯಾಕ್ಯೂಮ್, ಆಮೇಲಿನದು, ಎರಡನ್ನೂ ಬರೆದು ಕಳಿಸಿ. ಮುಂದಿನದು ನೋಡೋಣ.